ಮಳೆಗಾಲಕ್ಕೊಂದು ಟ್ರೆಡ್‌ಮಿಲ್: ಮನೆಯಲ್ಲಿ ಎಲ್ಲಿ ಇಡಬೇಕು, ಬಿಡದೆ ನಡೆಯುವುದು ಹೇಗೆ

ನಮ್ಮ ಕಾಸರಗೋಡು ಜಿಲ್ಲೆಯ ಮನೆಗಳಿಗೆ ಟ್ರೆಡ್‌ಮಿಲ್ ಬರುವುದು ಹೆಚ್ಚಾಗಿ ಎರಡು ದಾರಿಯಲ್ಲಿ. ಗಲ್ಫಿನಲ್ಲಿರುವ ಮಗನೋ ಬೆಂಗಳೂರಿನಲ್ಲಿರುವ ಮಗಳೋ ಅಪ್ಪ ಅಮ್ಮನಿಗೆಂದು ಆನ್‌ಲೈನಿನಲ್ಲಿ ತರಿಸಿ ಕಳಿಸಿದ್ದು ಒಂದು. ಮಂಗಳೂರಿನ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ "ದಿನಾ ಅರ್ಧ ಗಂಟೆ ನಡೆಯಿರಿ" ಎಂದ ವಾರವೇ ಗಾಬರಿಯಲ್ಲಿ ಕೊಂಡದ್ದು ಇನ್ನೊಂದು. ಯಾವ ದಾರಿಯಲ್ಲಿ ಬಂದರೂ ಮುಂದಿನ ಕಥೆ ಒಂದೇ ಥರ. ಮೊದಲ ತಿಂಗಳು ಮನೆಮಂದಿಯೆಲ್ಲ ಸರದಿಯಲ್ಲಿ ಹತ್ತುತ್ತಾರೆ. ಎರಡನೇ ತಿಂಗಳು ಒಬ್ಬರೇ ಹತ್ತುತ್ತಾರೆ. ಆಟಿ ತಿಂಗಳು ಬರುವಾಗ ಅದರ ಹಿಡಿಕೆಯ ಮೇಲೆ ಒಣಗದ ಲುಂಗಿ, ಟವೆಲು ನೇತಾಡುತ್ತಿರುತ್ತವೆ. ಬಟ್ಟೆ ಹರವುವುದಕ್ಕೆ ಮೂವತ್ತು ಸಾವಿರ ರೂಪಾಯಿಯ ಯಂತ್ರ ಬೇಕಿರಲಿಲ್ಲ.

ಯಾವ ಕಂಪನಿಯದು ಒಳ್ಳೆಯದು ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಕೊಳ್ಳುವ ಮೊದಲು ಏನು ಯೋಚಿಸಬೇಕು, ಮನೆಯಲ್ಲಿ ಎಲ್ಲಿ ಇಡಬೇಕು, ನಮ್ಮ ಮಳೆಗೂ ನಮ್ಮ ಕರೆಂಟಿಗೂ ಅದನ್ನು ಹೇಗೆ ಒಗ್ಗಿಸಬೇಕು, ನಡೆಯುವುದನ್ನು ನಡುವೆ ಬಿಡದಂತೆ ಏನು ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ವಿಷಯ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅಂದರೆ ವಯಸ್ಕರಲ್ಲಿ ಶೇ. 11.4. ಪಟ್ಟಿಯ ತಲೆಯಲ್ಲಿರುವುದು ಶೇ. 26.4ರೊಂದಿಗೆ ಗೋವಾ. ಕೇರಳದ್ದು ಶೇ. 25.5. ನಾಲ್ಕು ಮಂದಿ ದೊಡ್ಡವರು ಊಟಕ್ಕೆ ಕೂತರೆ ಒಬ್ಬರಿಗೆ ಸಕ್ಕರೆ ಎಂದಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ನಡೆಯುವುದೆಲ್ಲಿ? ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಅದರಲ್ಲಿ ಹೆಚ್ಚಿನ ಪಾಲು ಈ ನಾಲ್ಕು ತಿಂಗಳಲ್ಲೇ. ತೋಟದ ದಾರಿ ಜಾರುತ್ತದೆ, ಅಂಗಳದಲ್ಲಿ ಪಾಚಿ. ಮಳೆ ಬಿಟ್ಟ ಮೇಲೂ ರಸ್ತೆಯಲ್ಲಿ ನಾಯಿಗಳ ಹೆದರಿಕೆ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ಅದರ ಬದಿಯಲ್ಲಿ ಬೆಳಗ್ಗೆ ನಡೆಯುವ ಧೈರ್ಯ ವಯಸ್ಸಾದವರಿಗೆ ಉಳಿದಿಲ್ಲ. ಹಾಗಾಗಿ ಮನೆಯೊಳಗೆ ನಡೆಯುವ ಯಂತ್ರ ಇಲ್ಲಿ ಶೋಕಿಯ ವಸ್ತು ಎಂದು ನಗುವ ಹಾಗಿಲ್ಲ.

ಜೈಲಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ

ಟ್ರೆಡ್‌ಮಿಲ್ಲಿನ ಹಿರಿಯಜ್ಜ ಹುಟ್ಟಿದ್ದು ಜೈಲಿನಲ್ಲಿ. 1818ರ ಹೊತ್ತಿಗೆ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರ್ ಕೈದಿಗಳು ಮೆಟ್ಟಿ ತಿರುಗಿಸುವ ದೊಡ್ಡ ಚಕ್ರ ಮಾಡಿದ. ಅದು ಶುದ್ಧ ಶಿಕ್ಷೆ. 1898ರ ಕಾಯ್ದೆಯ ನಂತರ ಅಲ್ಲಿ ಅದು ನಿಂತುಹೋಯಿತು. 1952ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡಾ. ರಾಬರ್ಟ್ ಬ್ರೂಸ್ ಮತ್ತು ವೇಯ್ನ್ ಕ್ವಿಂಟನ್ ಎಂಬವರು ಹೃದಯ ಪರೀಕ್ಷೆಗೆಂದು ಮೋಟಾರಿನ ಟ್ರೆಡ್‌ಮಿಲ್ ತಂದರು. ನಮ್ಮಲ್ಲಿ ಬಹಳ ಜನ ಈ ಯಂತ್ರವನ್ನು ಮೊದಲು ನೋಡಿದ್ದು ಆಸ್ಪತ್ರೆಯ 'ಟಿ.ಎಂ.ಟಿ.' ಕೋಣೆಯಲ್ಲೇ ಅಲ್ಲವೇ? ಮೂರು ಮೂರು ನಿಮಿಷಕ್ಕೊಮ್ಮೆ ವೇಗ ಮತ್ತು ಏರು ಹೆಚ್ಚಿಸುವ ಆ ಪರೀಕ್ಷೆಯ ಕ್ರಮಕ್ಕೆ ಇಂದಿಗೂ ಬ್ರೂಸ್ ಅವರದೇ ಹೆಸರು. 1968ರಲ್ಲಿ ಡಾ. ಕೆನೆತ್ ಕೂಪರ್ ಅವರ 'ಏರೋಬಿಕ್ಸ್' ಪುಸ್ತಕ ಬಂತು. ಅದನ್ನು ಓದಿದ ವಿಲಿಯಂ ಸ್ಟಾಬ್ ಎಂಬ ಇಂಜಿನಿಯರ್ ಮನೆಯಲ್ಲಿ ಇಡಬಹುದಾದ ಅಗ್ಗದ ಯಂತ್ರ ತಯಾರಿಸಿದರು. ಆತ 2012ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊಳ್ಳುವ ಮೊದಲು ಒಂದು ತಿಂಗಳು

ಮೊದಲ ಸಲಹೆ: ಕೊಳ್ಳಬೇಡಿ. ಒಂದು ತಿಂಗಳು ಮನೆಯ ಚಾವಡಿಯಲ್ಲಿ, ಜಗಲಿಯಲ್ಲಿ ಅಥವಾ ಅಂಗಳದಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಅತ್ತಿಂದಿತ್ತ ನಡೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೆ ಗೀಟು ಹಾಕಿ. ಮೂವತ್ತರಲ್ಲಿ ಇಪ್ಪತ್ತು ಗೀಟು ಬಿದ್ದರೆ ಯಂತ್ರ ನಿಮಗೆ ಉಪಯೋಗಕ್ಕೆ ಬರುತ್ತದೆ. ಐದೋ ಆರೋ ಬಿದ್ದರೆ ಯಂತ್ರ ಬಂದ ಮೇಲೂ ಅಷ್ಟೇ ಬೀಳುತ್ತದೆ. "ಇಷ್ಟು ದುಡ್ಡು ಕೊಟ್ಟ ಮೇಲೆ ನಡೆದೇ ನಡೆಯುತ್ತೇನೆ" ಎನ್ನುವ ಲೆಕ್ಕ ನಿಜವಾದದ್ದನ್ನು ನಾನಂತೂ ಕಂಡಿಲ್ಲ.

ಕೊಳ್ಳುವುದೆಂದು ತೀರ್ಮಾನವಾದರೆ ಮೂರು ವಿಷಯ ನೋಡಿದರೆ ಸಾಕು. ಒಂದು, ಮೋಟಾರು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 4 ಎಚ್.ಪಿ. ಎಂದಿರುತ್ತದೆ, ಅದು ಕ್ಷಣಮಾತ್ರ ಮುಟ್ಟುವ 'ಪೀಕ್' ಲೆಕ್ಕ. ಬಿಡದೆ ಎಳೆಯುವ ಶಕ್ತಿಗೆ 'ಕಂಟಿನ್ಯುವಸ್' ಎಚ್.ಪಿ. ಎನ್ನುತ್ತಾರೆ, ಅದು ಎಷ್ಟು ಎಂದು ಕೇಳಿ. ಬರೀ ನಡೆಯುವುದಕ್ಕೆ ಒಂದೂವರೆಯಿಂದ ಎರಡು ಧಾರಾಳ. ಎರಡು, ತಾಳುವ ಭಾರ. ಮನೆಯಲ್ಲಿ ಅತಿ ಹೆಚ್ಚು ತೂಕದವರು 85 ಕಿಲೋ ಇದ್ದರೆ ಯಂತ್ರದ ಮಿತಿ 100ರ ಮೇಲೆ ಇರಲಿ. ಮೂರು, ಬೆಲ್ಟಿನ ಅಗಲ. 40 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕಾಲು ಬದಿಗೆ ತಾಗುತ್ತದೆ. ವಯಸ್ಸಾದವರಿಗೆ 45 ಇದ್ದರೆ ಒಳ್ಳೆಯದು. ಬ್ಲೂಟೂತ್, ಸ್ಪೀಕರು, ಹನ್ನೆರಡು ಪ್ರೋಗ್ರಾಮು ಇವೆಲ್ಲ ಅಂಗಡಿಯವರು ಮಾತಾಡುವುದಕ್ಕೆ ಇರುವ ವಿಷಯಗಳು.

ಆದರೆ ಗಡಿಯವರಾದ ನಾವು ನಾಲ್ಕನೆಯದೊಂದನ್ನು ಕೇಳಲೇಬೇಕು: ರಿಪೇರಿಗೆ ಯಾರು ಬರುತ್ತಾರೆ? ಹೆಚ್ಚಿನವರು ಕೊಳ್ಳುವುದು ಮಂಗಳೂರಿನಲ್ಲಿ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟಿನ ತಲೆಬಿಸಿ ಹೋಯಿತು, ಸಾಮಾನು ಸಲೀಸಾಗಿ ತಲಪಾಡಿ ದಾಟುತ್ತದೆ. ಮೆಕ್ಯಾನಿಕ್ ಮಾತ್ರ ದಾಟುವುದಿಲ್ಲ. ನಮ್ಮ ಮನೆಯ ಯಂತ್ರದ ಬೆಲ್ಟು ಜಾರತೊಡಗಿದಾಗ ಕಂಪನಿಗೆ ಫೋನು ಮಾಡಿದೆವು. 671ರಿಂದ ಶುರುವಾಗುವ ಪಿನ್‌ಕೋಡ್ ಕೇಳಿದ್ದೇ ತಡ, "ನೀವು ಕೇರಳ, ಕೊಚ್ಚಿಗೆ ಹೇಳಿ" ಎಂದರು. ಕೊಚ್ಚಿಯವರು ಮಂಗಳೂರು ಹತ್ತಿರ ಅಲ್ಲವೇ ಎಂದರು. ಅರ್ಧ ಗಂಟೆಯ ದಾರಿಯಲ್ಲಿರುವ ಮನುಷ್ಯ ಬರಲು ಐದು ವಾರ ಹಿಡಿಯಿತು. ಆದುದರಿಂದ ದುಡ್ಡು ಕೊಡುವ ಮೊದಲೇ ನಿಮ್ಮ ಪಿನ್‌ಕೋಡ್ ಹೇಳಿ, ವಾರಂಟಿಯ ಅವಧಿಯಲ್ಲಿ ಯಾವ ಊರಿನಿಂದ ಜನ ಬರುತ್ತಾರೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ತಾಳವಾಡಿ, ಹೊಸೂರು, ಅಕ್ಕಲಕೋಟೆ ಕಡೆಯ ಓದುಗರಿಗೂ ಈ ಮಾತು ಅನ್ವಯಿಸುತ್ತದೆ.

ಸೆಕೆಂಡ್‌ಹ್ಯಾಂಡ್ ಸಿಕ್ಕಿದರೆ ತಪ್ಪೇನಿಲ್ಲ. ಬಟ್ಟೆ ಹರವುತ್ತಿದ್ದ ಯಂತ್ರಗಳು ಅರ್ಧ ಬೆಲೆಗೆ ಬರುತ್ತವೆ, ಹೆಚ್ಚು ಓಡಿಯೂ ಇರುವುದಿಲ್ಲ. ನೋಡಲು ಹೋದಾಗ ಬೆಲ್ಟಿನ ಅಂಚು ಎತ್ತಿ ಒಳಗಿನ ಹಲಗೆ ಸವೆದಿದೆಯೇ ನೋಡಿ. ಹತ್ತು ನಿಮಿಷ ನೀವೇ ನಡೆದು, ಸುಟ್ಟ ವಾಸನೆ ಬಂದರೆ ಮಾತು ಮುಂದುವರಿಸಬೇಡಿ.

ಎಲ್ಲಿ ಇಡಬೇಕು?

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನು ಇಡಿ: ಟ್ರೆಡ್‌ಮಿಲ್ಲಿಗಿರುವ ಒಂದೇ ದೊಡ್ಡ ಗುಣ ಅದು ಹತ್ತಿರ ಇರುವುದು. ಅದನ್ನು ದೂರ ಇಟ್ಟರೆ ಕೊಂಡದ್ದು ವ್ಯರ್ಥ. ನಮ್ಮಲ್ಲಿ ಮಾಡುವ ತಪ್ಪು ಇದೇ. ಬಂದ ನೆಂಟರಿಗೆ ಅಡ್ಡವಾಗುತ್ತದೆಂದು ಮೇಲಿನ ಮಹಡಿಯ ಖಾಲಿ ಕೋಣೆಗೆ ಸಾಗಿಸುತ್ತಾರೆ. ಮೊಣಕಾಲು ನೋವಿನ ಅಮ್ಮ ನಡೆಯುವುದಕ್ಕೆಂದು ಹದಿನೆಂಟು ಮೆಟ್ಟಲು ಹತ್ತಬೇಕಾಗುತ್ತದೆ. ಒಂದು ವಾರ ಹತ್ತುತ್ತಾರೆ, ಆಮೇಲೆ ಇಲ್ಲ.

ಊಟದ ಮೇಜಿನಿಂದ ಹತ್ತು ಹೆಜ್ಜೆಯಲ್ಲಿ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಇದಕ್ಕೆ ಕಾರಣವಿದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 41 ಮಂದಿ ಸಕ್ಕರೆ ಕಾಯಿಲೆಯವರನ್ನು ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ದಿನದಲ್ಲಿ ಯಾವಾಗಲೋ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ, ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆದರೆ ಊಟದ ಮೇಲೆ ಏರುವ ಸಕ್ಕರೆ ಸರಾಸರಿ ಶೇ. 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರ ಈ ವ್ಯತ್ಯಾಸ ಇನ್ನೂ ಹೆಚ್ಚು, ಶೇ. 22. ಒಟ್ಟು ನಡೆದದ್ದು ಎರಡರಲ್ಲೂ ಅರ್ಧ ಗಂಟೆಯೇ. ಜುಲೈ ತಿಂಗಳ ರಾತ್ರಿ ಎಂಟೂವರೆಗೆ, ಹೊರಗೆ ಧಾರಾಕಾರ ಮಳೆ ಸುರಿಯುವಾಗ, ಕುಚ್ಚಲಕ್ಕಿ ಅನ್ನ ಉಂಡು ಎದ್ದವರು ಹತ್ತು ನಿಮಿಷ ಎಲ್ಲಿ ನಡೆದಾರು? ಟ್ರೆಡ್‌ಮಿಲ್ ನಿಜವಾಗಿ ಕೆಲಸಕ್ಕೆ ಬರುವುದು ಆ ಹತ್ತು ನಿಮಿಷಕ್ಕೆ. ಹತ್ತು ನಿಮಿಷ ನಡೆಯಲು ಯಾರೂ ಮಹಡಿ ಹತ್ತುವುದಿಲ್ಲ, ಬೇರೆ ಬಟ್ಟೆ ಹಾಕುವುದಿಲ್ಲ. ನಿಧಾನ ನಡಿಗೆ ಸಾಕು. ಉಂಡ ತಕ್ಷಣ ಜೋರಾಗಿ ನಡೆದರೆ ಹೊಟ್ಟೆ ಹಿಡಿಯುತ್ತದೆ.

ಜಾಗದ ಅಳತೆ ಹೀಗೆ. ಯಂತ್ರದ ಹಿಂದೆ ಎರಡು ಮೀಟರ್, ಅಂದರೆ ಆರೂವರೆ ಅಡಿ ಖಾಲಿ ಇರಬೇಕು. ಕಾಲು ತಪ್ಪಿದವರನ್ನು ಬೆಲ್ಟು ಹಿಂದಕ್ಕೆ ಎಸೆಯುತ್ತದೆ. ಅಲ್ಲಿ ಗೋಡೆ ಇದ್ದರೆ ಮನುಷ್ಯ ಗೋಡೆಗೂ ಓಡುವ ಬೆಲ್ಟಿಗೂ ನಡುವೆ ಸಿಕ್ಕಿಬೀಳುತ್ತಾನೆ. ಎರಡು ಬದಿಯಲ್ಲಿ ಅರ್ಧರ್ಧ ಮೀಟರ್ ಬೇಕು. ಯಂತ್ರದ ಮುಖ ಕಿಟಕಿಗೋ ಟಿ.ವಿ.ಗೋ ಇರಲಿ, ಬರೀ ಗೋಡೆಗೆ ಬೇಡ. ನೆಲ ಸಮ ಇರಬೇಕು. ಹಳೆಯ ಮನೆಗಳ ಮರದ ಹಲಗೆಯ ಅಟ್ಟದಲ್ಲಿ ಖಂಡಿತ ಇಡಬಾರದು. ಹಂಚಿನ ಮಾಡಿನ ಕೆಳಗೆ ಇಡುವವರು ಬೆಲ್ಟಿನ ಮೇಲೆ ನಿಂತಾಗ ತಲೆ ಪಕ್ಕಾಸಿಗೆ ತಾಗುತ್ತದೆಯೇ ನೋಡಿ, ಬೆಲ್ಟೇ ನೆಲದಿಂದ ಅರ್ಧ ಅಡಿ ಎತ್ತರದಲ್ಲಿರುತ್ತದೆ. ಸಿಟೌಟಿನಲ್ಲಿ ಬೇಡ, ಇರಚಲು ಹೊಡೆಯುತ್ತದೆ. ತಲೆಯ ಮೇಲೆ ಫ್ಯಾನ್ ಇರಲಿ. ಮಳೆಗಾಲದ ತೇವದಲ್ಲಿ ಬೆವರು ಆರುವುದಿಲ್ಲ, ಐದೇ ನಿಮಿಷಕ್ಕೆ ಸಾಕೆನಿಸುತ್ತದೆ. ಅಡಿಗೆ ದಪ್ಪದ ರಬ್ಬರ್ ಮ್ಯಾಟ್ ಹಾಕಿದರೆ ಸದ್ದೂ ಕಡಿಮೆ, ಧೂಳೂ ಕಡಿಮೆ.

ಕರೆಂಟಿನ ವಿಷಯ

ವಯರಿಂಗ್‌ನವರನ್ನು ಕರೆಸಿ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಒಂದನ್ನು ಯಂತ್ರಕ್ಕೆಂದೇ ಹಾಕಿಸಿ, ಅರ್ತ್ ಸರಿಯಿದೆಯೇ ಪರೀಕ್ಷಿಸಿ. ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಚುಚ್ಚಬೇಡಿ, ಬಿಸಿಯಾಗಿ ಕರಗುತ್ತದೆ. ಒಂದು ಎಚ್.ಪಿ. ಎಂದರೆ 746 ವಾಟ್, ಎರಡು ಎಚ್.ಪಿ. ಮೋಟಾರು ಪೂರ್ತಿ ಎಳೆದರೆ ಒಂದೂವರೆ ಕಿಲೋವಾಟ್. ನಡಿಗೆಯ ವೇಗದಲ್ಲಿ ಅಷ್ಟು ಎಳೆಯುವುದಿಲ್ಲ. ದಿನಕ್ಕೆ ಅರ್ಧ ಗಂಟೆ ನಡೆದರೆ ಕಾಲು ಯೂನಿಟ್ಟಿನ ಆಸುಪಾಸು, ಎರಡು ತಿಂಗಳಿಗೊಮ್ಮೆ ಬರುವ ಕೆ.ಎಸ್.ಇ.ಬಿ. ಬಿಲ್ಲಿನಲ್ಲಿ ಇಪ್ಪತ್ತು ಯೂನಿಟ್ಟಿನ ಒಳಗೆ. ಬಿಲ್ಲಿಗೆ ಹೆದರಿ ಬಿಡುವವರಿಗಾಗಿ ಈ ಲೆಕ್ಕ.

ಮನೆಯ ಸಾಮಾನ್ಯ ಇನ್ವರ್ಟರಿನಲ್ಲಿ ಓಡಿಸಬೇಡಿ. ಸಂಜೆ ವೋಲ್ಟೇಜ್ ಕುಸಿಯುವ ಕಡೆ ಬಲ್ಬು ಮಂಕಾಗಿದ್ದರೆ ಸ್ವಲ್ಪ ಕಾದು ನಡೆಯಿರಿ. ಕರೆಂಟು ಹೋದರೆ ಬೆಲ್ಟು ಥಟ್ಟನೆ ನಿಲ್ಲಬಹುದು, ಆಗ ದೇಹ ಮುಂದಕ್ಕೆ ಮುಗ್ಗರಿಸುತ್ತದೆ. ಮರದ ಕೊಂಬೆ ತಂತಿಯ ಮೇಲೆ ಬೀಳುವ ಗಾಳಿಮಳೆಯ ದಿನ ವೇಗ ಕಡಿಮೆ ಇಟ್ಟುಕೊಂಡು ಹಿಡಿಕೆಯ ಹತ್ತಿರವೇ ನಡೆಯುವುದು ಕ್ಷೇಮ. ಇನ್ನು ಸಿಡಿಲು. ಏಪ್ರಿಲ್-ಮೇಯಲ್ಲಿ, ಮತ್ತೆ ತುಲಾವರ್ಷದ ಅಕ್ಟೋಬರ್-ನವೆಂಬರಿನಲ್ಲಿ, ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಸ್ವಿಚ್ ಆರಿಸಿದರೆ ಸಾಲದು, ಪಿನ್ನನ್ನೇ ಕಿತ್ತಿಡಿ. ಒಂದು ಸಿಡಿಲಿಗೆ ಯಂತ್ರದ ಬೋರ್ಡು ಹೋದರೆ ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆಗೆ ಬಂದು ನಿಲ್ಲಬಹುದು.

ಎಣ್ಣೆ, ಬೆಲ್ಟು, ಹಲ್ಲಿ

ಬೆಲ್ಟು ಒಂದು ಹಲಗೆಯ ಮೇಲೆ ಉಜ್ಜಿಕೊಂಡು ಓಡುತ್ತದೆ. ಒಣಗಿದರೆ ಮೋಟಾರಿಗೆ ಭಾರ, ಹಲಗೆಗೆ ಸವೆತ. ಸುಮಾರು ಮೂರು ತಿಂಗಳಿಗೊಮ್ಮೆ, ಅಥವಾ ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟು ದಿನಕ್ಕೆ, ಎಣ್ಣೆ ಹಾಕಬೇಕು. ಹಾಕಬೇಕಾದದ್ದು ಟ್ರೆಡ್‌ಮಿಲ್ಲಿಗೆಂದೇ ಸಿಗುವ ಸಿಲಿಕೋನ್ ಎಣ್ಣೆ. ತೆಂಗಿನೆಣ್ಣೆ ಅಲ್ಲ! ಮನೆಯಲ್ಲಿ ಕೊಬ್ಬರಿ ಎಣ್ಣೆ ಡಬ್ಬಿಗಟ್ಟಲೆ ಇರುವ ಊರಾದ್ದರಿಂದ ಬಿಡಿಸಿ ಹೇಳುತ್ತಿದ್ದೇನೆ. ಅದು ಕಮಟಿ, ಅಂಟಾಗಿ, ಧೂಳು ಹಿಡಿದು ಬೆಲ್ಟನ್ನೇ ಹಾಳುಮಾಡುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ, ಬೈಕಿನ ಆಯಿಲ್ ಕೂಡ ಬೇಡ. ಪಿನ್ ಕಿತ್ತು, ಬೆಲ್ಟಿನ ಅಂಚನ್ನು ಎತ್ತಿ, ನಡುಭಾಗದವರೆಗೆ ಕೈ ತೂರಿಸಿ ಎರಡೂ ಬದಿಯಿಂದ ಒಂದೊಂದು ಗೆರೆ ಎಣ್ಣೆ ಬಿಡಿ. ಆಮೇಲೆ ನಿಧಾನ ವೇಗದಲ್ಲಿ ನಾಲ್ಕೈದು ನಿಮಿಷ ನಡೆದರೆ ಹರಡಿಕೊಳ್ಳುತ್ತದೆ.

ಬೆಲ್ಟು ಒಂದು ಬದಿಗೆ ಸರಿದರೆ ಮೆಕ್ಯಾನಿಕ್ಕಿಗೆ ಕಾಯಬೇಕಿಲ್ಲ. ಯಂತ್ರದ ಜೊತೆಗೇ ಎಲ್ ಆಕಾರದ ಅಲೆನ್ ಕೀ ಬಂದಿರುತ್ತದೆ, ಅದನ್ನು ಕಳೆಯಬೇಡಿ. ಹಿಂಬದಿಯ ಎರಡು ಮೂಲೆಯಲ್ಲಿ ಎರಡು ಬೋಲ್ಟುಗಳಿವೆ. ಯಾರೂ ಹತ್ತದೆ ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ಓಡಲು ಬಿಟ್ಟು ಹಿಂದಿನಿಂದ ನೋಡಿ. ಬೆಲ್ಟು ಬಲಕ್ಕೆ ಸರಿಯುತ್ತಿದ್ದರೆ ಬಲಗಡೆಯ ಬೋಲ್ಟನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಎಡಕ್ಕೆ ಸರಿದರೆ ಎಡಗಡೆಯದನ್ನು. ಕಾಲೇ ಸುತ್ತು, ಹೆಚ್ಚು ಬೇಡ. ಒಂದು ನಿಮಿಷ ಕಾದು ಮತ್ತೆ ನೋಡಿ. ಹೆಜ್ಜೆ ಊರಿದಾಗ ಬೆಲ್ಟು ಜಾರಿದಂತಾದರೆ ಎರಡೂ ಬೋಲ್ಟುಗಳನ್ನು ಸಮನಾಗಿ ಕಾಲು ಸುತ್ತು ಬಿಗಿ ಮಾಡಿ. ಮೇಲೆ ಹೇಳಿದ ಐದು ವಾರದ ಕಾಯುವಿಕೆಯ ಕೊನೆಗೆ ನಮ್ಮ ಮನೆಗೆ ಬಂದ ಹುಡುಗ ಮಾಡಿದ್ದೂ ಇದಿಷ್ಟೇ, ಮೂರು ನಿಮಿಷದ ಕೆಲಸ. ಬೋಲ್ಟು ತಿರುಗಿಸುವಾಗ ತಲೆಗೂದಲು, ಬೈರಾಸು, ಬೆರಳು ಬೆಲ್ಟಿನ ಹತ್ತಿರ ಹೋಗದಿರಲಿ.

ಮೋಟಾರಿನ ಮುಚ್ಚಳದೊಳಗೆ ಹಲ್ಲಿ, ಇರುವೆ ಸೇರುವುದು ನಮ್ಮಲ್ಲಿ ಸಾಮಾನ್ಯ. ಹಲ್ಲಿ ಬೋರ್ಡಿನ ಮೇಲೆ ಹರಿದಾಡಿ ಶಾರ್ಟ್ ಆದರೆ ಯಂತ್ರ ಸತ್ತಂತೆ. ಹತ್ತಿರ ಕೂತು ತಿಂಡಿ ತಿನ್ನದಿರುವುದು, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸುವುದು ಒಳ್ಳೆಯದು. ಯಾರೂ ನಡೆಯದಿದ್ದರೂ ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಹತ್ತು ನಿಮಿಷ ಓಡಿಸಿದರೆ ಒಳಗಿನ ತೇವ ಆರುತ್ತದೆ, ತುಕ್ಕು ಹಿಡಿಯುವುದು ಕಡಿಮೆ.

ಹತ್ತುವಾಗ, ಇಳಿಯುವಾಗ

ಹತ್ತುವಾಗ ಬೆಲ್ಟಿನ ಮೇಲೆ ನಿಂತು ಸ್ವಿಚ್ ಒತ್ತಬೇಡಿ. ಎರಡೂ ಬದಿಯ ಪಟ್ಟಿಯ ಮೇಲೆ ಕಾಲಿಟ್ಟು ನಿಂತು, ಶುರುಮಾಡಿ, ಬೆಲ್ಟು ನಿಧಾನ ಓಡತೊಡಗಿದ ಮೇಲೆ ಹೆಜ್ಜೆ ಇಡಿ. ಕೆಂಪು ದಾರದ ಸೇಫ್ಟಿ ಕೀಯನ್ನು ಅಂಗಿಗೆ ಸಿಕ್ಕಿಸಿಯೇ ನಡೆಯಬೇಕು. ಬಿದ್ದರೆ ಅದು ಕಿತ್ತು ಬಂದು ಯಂತ್ರ ನಿಲ್ಲುತ್ತದೆ. ಲುಂಗಿ, ಮುಂಡು ಉಟ್ಟವರು ಮಡಚಿ ಕಟ್ಟಿ ನಡೆಯುತ್ತಾರೆ. ಬಿಚ್ಚಿ ಕಾಲಿಗೆ ತೊಡರಿದರೆ ಅಪಾಯ, ಚಡ್ಡಿಯೋ ಪೈಜಾಮವೋ ವಾಸಿ. ಸೀರೆಯ ನೆರಿಗೆ, ಶಾಲು, ಚೂಡಿದಾರದ ದುಪ್ಪಟ್ಟ ಬೆಲ್ಟಿನ ಅಂಚಿಗೆ ಸಿಕ್ಕಿದರೆ ಎಳೆದುಕೊಳ್ಳುತ್ತದೆ. ಅಮ್ಮನವರು ನೈಟಿಯಲ್ಲಿ ನಡೆಯುವುದಾದರೆ ಅದು ಪಾದಕ್ಕಿಂತ ಒಂದು ಗೇಣು ಮೇಲಿರಲಿ. ಬರಿಗಾಲು ಬೇಡ, ಒದ್ದೆ ಚಪ್ಪಲಿ ಬೇಡವೇ ಬೇಡ. ಒಳಗೆ ಮಾತ್ರ ಹಾಕುವ ಒಂದು ಜೊತೆ ಶೂ ಯಂತ್ರದ ಪಕ್ಕದಲ್ಲೇ ಇರಲಿ. ಸಕ್ಕರೆ ಕಾಯಿಲೆಯವರು ನಡೆದ ಮೇಲೆ ಪಾದದಲ್ಲಿ ಗುಳ್ಳೆ, ಗಾಯ ಇದೆಯೇ ನೋಡಿಕೊಳ್ಳಬೇಕು.

ಮಕ್ಕಳಿರುವ ಮನೆಯವರು ದಯವಿಟ್ಟು ಗಮನಿಸಿ. ಅಮೆರಿಕದಲ್ಲಿ ಪೆಲೊಟಾನ್ ಕಂಪನಿ 2021ರ ಮೇ ತಿಂಗಳಲ್ಲಿ ತನ್ನ ಒಂದು ಮಾದರಿಯ ಸುಮಾರು 1,25,000 ಟ್ರೆಡ್‌ಮಿಲ್‌ಗಳನ್ನು ವಾಪಸು ಕರೆಸಿಕೊಂಡಿತು. ಮಗುವೊಂದು ಯಂತ್ರದಡಿಗೆ ಎಳೆಯಲ್ಪಟ್ಟು ಸತ್ತಿತ್ತು. ನಡೆದು ಮುಗಿದ ಕೂಡಲೇ ಕೀ ತೆಗೆದು ಎತ್ತರದಲ್ಲಿಡಿ, ಪಿನ್ ಕಿತ್ತಿಡಿ. ರಜೆಯಲ್ಲಿ ಮೊಮ್ಮಕ್ಕಳು ಬಂದಾಗ ಇದನ್ನು ಮರೆಯಲೇಬಾರದು.

ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಎಂದಿಲ್ಲದ ಉಬ್ಬಸ ಬಂದರೆ ಅಲ್ಲಿಗೆ ನಿಲ್ಲಿಸಿ ಡಾಕ್ಟರಲ್ಲಿಗೆ ಹೋಗಬೇಕು. ಹೃದಯದ ತೊಂದರೆ ಇದ್ದವರು, ಬಹಳ ವರ್ಷ ನಡೆಯದೇ ಇದ್ದ ಹಿರಿಯರು ಶುರುಮಾಡುವ ಮೊದಲೇ ಕೇಳಿಕೊಳ್ಳಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹತ್ತಬಾರದು; ಕೈಗೆ ಸಿಗುವಲ್ಲಿ ಒಂದಿಷ್ಟು ಸಕ್ಕರೆ ಇರಲಿ. ನಡುಕ, ತಣ್ಣನೆಯ ಬೆವರು ಬಂದರೆ ಅದೇ ಮದ್ದು.

ಎಷ್ಟು ನಡೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಬೇಕೆಂಬ ಹಳೆಯ ನಿಯಮವನ್ನೂ ಆಗ ಕೈಬಿಟ್ಟರು. ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ. ಮಧ್ಯಮ ಶ್ರಮ ಎಂದರೆ ಮಾತಾಡಲು ಆಗುತ್ತದೆ, ಪದ ಹಾಡಲು ಆಗುವುದಿಲ್ಲ ಅನ್ನುವಷ್ಟು. ಮೊದಲ ಎರಡು ವಾರ ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಹತ್ತೇ ನಿಮಿಷ. ಆಮೇಲೆ ವಾರಕ್ಕೆ ಎರಡು ಮೂರು ನಿಮಿಷ ಸೇರಿಸಿ. ಮೊದಲು ಸಮಯ ಹೆಚ್ಚಿಸಿ, ವೇಗ ಆಮೇಲೆ. ನಿಲ್ಲಿಸುವ ಮೊದಲು ಎರಡು ಮೂರು ನಿಮಿಷ ನಿಧಾನಕ್ಕೆ ಇಳಿಸಿ, ಇಳಿದ ಮೇಲೆ ಒಂದು ಕ್ಷಣ ಹಿಡಿಕೆ ಹಿಡಿದೇ ನಿಲ್ಲಿ. ಹೊಸಬರಿಗೆ ನೆಲವೇ ಓಡಿದಂತೆ ಆಗುತ್ತದೆ.

ಪರದೆಯಲ್ಲಿ ತೋರಿಸುವ ಕ್ಯಾಲೊರಿಯನ್ನು ನಂಬಿ ಕೂರಬೇಡಿ. 60 ಕಿಲೋ ತೂಕದವರು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ ಖರ್ಚಾಗುವುದು ಹೆಚ್ಚುಕಮ್ಮಿ 100 ಕ್ಯಾಲೊರಿ. ದಿನಕ್ಕೆ ಮೂರು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಹಾಕಿದರೆ ಒಳಗೆ ಹೋಗುವುದು 120. ನಡೆಯುವುದರಿಂದ ಸಕ್ಕರೆ, ಬಿ.ಪಿ., ನಿದ್ದೆ ಸುಧಾರಿಸಬಹುದು. ಬರೀ ನಡೆದು ಹೊಟ್ಟೆ ಕರಗುತ್ತದೆಂದು ಕಾದರೆ ನಿರಾಸೆ, ಆ ನಿರಾಸೆಯಲ್ಲೇ ಬಹಳ ಮಂದಿ ಬಿಡುತ್ತಾರೆ.

ಬಿಡದೆ ನಡೆಯಲು

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ವಾಟ್ಸಾಪಿನಲ್ಲಿ ಬರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18ಕ್ಕೇ ಆಯಿತು, ಕೆಲವರಿಗೆ 254 ದಿನ ಎಂಬ ಲೆಕ್ಕ. ನೀರು ಕುಡಿಯುವಂಥ ಸಣ್ಣ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ಇಪ್ಪತ್ತೆರಡನೇ ದಿನವೂ ಬೇಸರವಾದರೆ ನಿಮ್ಮಲ್ಲೇನೂ ದೋಷವಿಲ್ಲ. ಇನ್ನೊಂದು ಸಮಾಧಾನದ ಮಾತೂ ಅದರಲ್ಲಿದೆ: ನಡುವೆ ಒಂದು ದಿನ ತಪ್ಪಿದವರಿಗೆ ಅಭ್ಯಾಸ ಕೂಡಿಬರಲು ಅದರಿಂದ ಏನೂ ತೊಂದರೆಯಾಗಲಿಲ್ಲ. ತಪ್ಪಿದ ದಿನಕ್ಕೆ ಮರುದಿನ ದಂಡ ಕಟ್ಟಿದಂತೆ ಒಂದು ಗಂಟೆ ನಡೆಯಬೇಡಿ. ಕಾಲು ನೋವು ಬಂದು ಮೂರನೇ ದಿನವೂ ತಪ್ಪುತ್ತದೆ.

ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 248 ವಿದ್ಯಾರ್ಥಿಗಳದ್ದು. ವ್ಯಾಯಾಮದ ಒಳಿತನ್ನು ಓದಿಸಿದ ಗುಂಪಿನಲ್ಲಿ ಆ ವಾರ ವ್ಯಾಯಾಮ ಮಾಡಿದವರು ಶೇ. 35, ಏನೂ ಹೇಳದ ಗುಂಪಿನಲ್ಲಿ ಶೇ. 38. ಉಪದೇಶದ ಬೆಲೆ ಅಷ್ಟು! ಓದಿಸುವುದರ ಜೊತೆಗೆ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂದು ಒಂದು ಚೀಟಿಯಲ್ಲಿ ಬರೆಸಿದ ಗುಂಪಿನಲ್ಲಿ ಮಾತ್ರ ಶೇ. 91 ಮಂದಿ ಮಾಡಿದರು. ಹಾಗಾಗಿ "ನಾಳೆಯಿಂದ ನಡೆಯಬೇಕು" ಎಂದುಕೊಳ್ಳುವ ಬದಲು "ರಾತ್ರಿ ಉಂಡು ಕೈ ತೊಳೆದ ಕೂಡಲೇ ಹತ್ತು ನಿಮಿಷ" ಎಂದು ಬರೆದು ಯಂತ್ರಕ್ಕೇ ಅಂಟಿಸಿ. ಗಂಟೆಗಿಂತ ದಿನಾ ತಪ್ಪದೆ ಮಾಡುವ ಕೆಲಸಕ್ಕೆ ಗಂಟು ಹಾಕುವುದು ಒಳ್ಳೆಯದು. ಕೈ ತೊಳೆಯುವುದನ್ನು ಯಾರೂ ಮರೆಯುವುದಿಲ್ಲವಲ್ಲ.

ಕೇಳಲು ಏನಾದರೂ ಬೇಕು. ಮಳೆಗಾಲದಲ್ಲಿ ತಾಳಮದ್ದಳೆಯ ಚಟ ಇರುವ ಊರು ನಮ್ಮದು. ಮೊಬೈಲಿನಲ್ಲಿ ಹಳೆಯ ಪ್ರಸಂಗಗಳು ಬೇಕಾದಷ್ಟು ಸಿಗುತ್ತವೆ. ಅರ್ಥಧಾರಿಗಳ ವಾದ ಬಿಸಿಯೇರುವಲ್ಲಿ ನಿಲ್ಲಿಸಿ, ಮುಂದಿನದು ನಾಳೆ ನಡೆಯುವಾಗ ಮಾತ್ರ ಎಂದು ನಿಯಮ ಮಾಡಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಿಮ್ಮಿನಲ್ಲಿ ಕ್ಯಾಥರೀನ್ ಮಿಲ್ಕ್‌ಮನ್ ಎಂಬವರು ಇಂಥದ್ದನ್ನೇ ಮಾಡಿ ನೋಡಿದರು. ರೋಚಕ ಕಾದಂಬರಿಯನ್ನು ಜಿಮ್ಮಿನಲ್ಲಿ ಮಾತ್ರ ಕೇಳಬಹುದೆಂದಾಗ ಶುರುವಿನಲ್ಲಿ ಬರುವವರ ಹಾಜರಿ ಶೇ. 51ರಷ್ಟು ಹೆಚ್ಚಿತು. ಆದರೆ ನವೆಂಬರಿನ ಹಬ್ಬದ ರಜೆ ಮುಗಿಸಿ ಬಂದ ಮೇಲೆ ಆ ಹುರುಪು ಇಳಿದುಹೋಯಿತು.

ನಮ್ಮಲ್ಲೂ ಬಿಟ್ಟುಹೋಗುವುದು ಹೀಗೆಯೇ, ದಿನಾ ಸ್ವಲ್ಪ ಸ್ವಲ್ಪವಾಗಿ ಅಲ್ಲ. ಮೇ ತಿಂಗಳ ಮದುವೆಗಳು, ಊರಿನ ಬ್ರಹ್ಮಕಲಶ, ನಾಲ್ಕು ದಿನದ ಜ್ವರ, ಓಣಂ ರಜೆಗೆ ಬಂದ ಮಕ್ಕಳು. ಒಂದು ವಾರ ತಪ್ಪುತ್ತದೆ, ಆ ವಾರದಲ್ಲಿ ಯಾರೋ ಒಂದು ಟವೆಲು ಹರವುತ್ತಾರೆ. ಆದುದರಿಂದ ಬಿಡುವಾಗಲೇ ಮತ್ತೆ ಹತ್ತುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಆ ದಿನ ಹಿಂದಿನ ವೇಗಕ್ಕೆ ಹೋಗಬೇಡಿ. ಜ್ವರದಿಂದ ಎದ್ದವರು ಹಿಂದೆ ನಡೆಯುತ್ತಿದ್ದುದರ ಅರ್ಧ ಸಮಯ, ಅದಕ್ಕಿಂತಲೂ ಕಡಿಮೆ ವೇಗದಲ್ಲಿ ಮೂರು ದಿನ ನಡೆದು ಆಮೇಲೆ ಹೆಚ್ಚಿಸಿ. ಮತ್ತೆ ಹತ್ತುವ ಮೊದಲು ಪಿನ್ ಕಿತ್ತು ಬೆಲ್ಟಿನ ಮೇಲಿನ ಧೂಳು ಒರೆಸಿ, ಎಣ್ಣೆ ಹಾಕಿ ಎಷ್ಟು ದಿನವಾಯಿತೆಂದು ನೋಡಿ, ಯಾರೂ ಹತ್ತದೆ ಎರಡು ನಿಮಿಷ ಖಾಲಿ ಓಡಿಸಿ ಸದ್ದು ಸರಿಯಿದೆಯೇ ಕೇಳಿಸಿಕೊಳ್ಳಿ. ಟವೆಲಿಗೆ ಬೇರೆ ಹಗ್ಗ ಕಟ್ಟಿ.